ಬಿಳಿ ಹಾಳೆಯ ಮೇಲೆ ಕೆಂಪು ಪತಂಗ

ಸಂಡೂರು ತಾಲ್ಲೂಕು
17 ಅಕ್ಟೋಬರ್ 2024

ಪೂಜ್ಯ ಶ್ರೀಪತಿ ಸರ್ ಅವರಿಗೆ, ನಿಮ್ಮ ಹಳೇ ವಿದ್ಯಾರ್ಥಿನಿ ತ್ರಿವೇಣಿಯ ನಮಸ್ಕಾರಗಳು.

ಫೋನಿನಾಗ ಕಳಿಸಿದ ಫೋಟೋ ಹಿಂಡಿ ಹಿಪ್ಪೆಯಾಗಿ ಬರ್ತಾವ, ಪ್ರಿಂಟ್ ಹಾಕ್ಸಿ ಅಂಚೆಗೆ ಹಾಕು ಅಂತ ಬೈದಿದ್ರಿ. ಹಾಕ್ಸೀನಿ. ಪತ್ರನೂ ಕೈಲೆ ಬರಿಬೇಕು ಅಂದ್ರಿ, ಬರ್ದೀನಿ. ಕಾಲೇಜಿನಾಗ ಪ್ರಾಣಿಶಾಸ್ತ್ರದ ರೆಕಾರ್ಡ್ ಬರ್ಸಿ ಬರ್ಸಿ ಕೈ ಬೀಳ್ಸಿದ್ದು ಸಾಲ್ದಾತೇನ್ರಿ ನಿಮಗ?

ನಮ್ಮ ಹೈಸ್ಕೂಲಿನ ವರಾಂಡದ ಬಲ್ಬು ಆರಿಸೋರೇ ಇಲ್ಲ. ಬೆಳಿಗ್ಗೆ ಬಂದು ನೋಡಿದ್ರ ಗೋಡಿ ತುಂಬ ಪತಂಗ ಕುಂತಿರ್ತಾವ. ಮೊದಲು ನಾ ಒಬ್ಬಾಕೇ ನೋಡ್ತಿದ್ದೆ. ಈಗ ಒಂಬತ್ತನೇ ತರಗತಿ ಹಂಪಮ್ಮ ನನಗಿಂತ ಮೊದಲು ಬಂದು ನಿಂತಿರ್ತಾಳ. ಅಜ್ಜಿ ಹೆಸರಿಟ್ಟಾರ ಆಕಿಗೆ. ಅಪ್ಪ ಅಂಜಿನಯ್ಯ ಅದಿರು ಲಾರಿಗಳಿಗೆ ತಾಡಪತ್ರಿ ಕಟ್ತಾನ. ಹುಡುಗಿ ತರಗತಿಯಾಗ ಬಾಯಿ ಬಿಡೋದಿಲ್ರಿ, ಎದ್ದು ನಿಲ್ಸಿದ್ರ ಕಾಲ ಬೆರಳು ನೋಡ್ಕಂತ ನಿಲ್ತಾಳ. ಪತಂಗದ ವಿಷಯ ಬಂದ್ರ ಮಾತ್ರ ಬಾಯಿ ಮುಚ್ಚೋದಿಲ್ಲ. ಆಕಿನ ಹುಡುಕಿದ್ದು ಇದನ್ನ.

ನೀವು ಹೇಳಿದಂಗ ಬಿಳಿ ಹಾಳಿ ಮ್ಯಾಲ ಮೆಲ್ಲಕ ಸರಿಸಿ ಫೋಟೋ ತೆಗ್ದೀವಿ. ಹಿಂದ ಗೋಡಿ, ಗಿಡ ಏನೂ ಕಾಣಬಾರ್ದು, ಅಂದ್ರನ ಬಣ್ಣ ಖರೇ ಬರ್ತೈತಿ ಅಂದಿದ್ರಲ್ಲ. ಇಟ್ಟಿಗಿ ಬಣ್ಣ, ಮುಂದಿನ ರೆಕ್ಕಿ ಮ್ಯಾಲ ಎರಡು ಕರಿ ಚುಕ್ಕಿ. ಇದು ಯಾವುದು ಸರ್? ಹಂಪಮ್ಮ ದಿನಾ ಕೇಳ್ತಾಳ, "ಹೊಸಪೇಟಿ ಸರ್ ಏನಂದ್ರು ಮಿಸ್?" ಅಂತ. ಜಲ್ದಿ ಬರೀರಿ.

ನಿಮ್ಮ
ತ್ರಿವೇಣಿ

*

ಹೊಸಪೇಟೆ
24 ಅಕ್ಟೋಬರ್ 2024

॥ ಶ್ರೀ ॥

ಚಿ. ತ್ರಿವೇಣಿಗೆ ಆಶೀರ್ವಾದಗಳು.

ಅಲ್ಲವಾ, ಇಂಥಾದ್ದು ಲಕೋಟೆಯಾಗ ಇಟ್ಟು ಸುಮ್ನ ಕಳಿಸ್ತೀಯಲ್ಲ! ನಾ ಮಧ್ಯಾಹ್ನದ ಊಟದ ಎಲಿ ಮುಂದ ಬಿಚ್ಚಿದೆ. ಅನ್ನ ಆರಿ ತಣ್ಣಗಾತು. ನಮ್ಮಾಕಿ ಬೈದಳು, ಬೈಲಿ.

ಕೇಳು. ಒಂದರ ಹಂಗ ಒಂದು ಇರೋ ಎರಡು ಪತಂಗ ಅವ. ಕನ್ನಡದಾಗ ಅವಕ್ಕ ಹೆಸರಿಲ್ಲ, ನಾನೇ ಕರೀತೀನಿ: ಸುಣ್ಣದ ಪತಂಗ, ಇಟ್ಟಿಗೆ ಪತಂಗ. ಅಳತಿ ಒಂದೇ, ರೆಕ್ಕಿ ಆಕಾರ ಒಂದೇ, ಎರಡು ಚುಕ್ಕಿ ಇರೋ ಜಾಗನೂ ಒಂದೇ. ಬಣ್ಣ ಮಾತ್ರ ಬ್ಯಾರೆ. ಸುಣ್ಣದ್ದು ನಮ್ಮ ಕಡೆ ಎಲ್ಲಾ ಕಡೆ ಸಿಗ್ತದ, ಹಂಪಿ ಬಾಳಿ ತೋಟದಾಗ ಬೇಕಾದಷ್ಟು. ಇಟ್ಟಿಗೆದು ಮಳಿ ಕಾಡಿಂದು. ನಮ್ಮ ಒಣ ಗುಡ್ಡದಾಗ ಯಾರೂ ಇವತ್ತಿನ ತನಕ ಕಂಡಿಲ್ಲ. ನಿಮ್ಮ ಹುಡುಗಿ ಕಂಡಾಳ ನೋಡು!

ಪತಂಗ ನೋಡೋರ ನಮ್ಮ ವಾಟ್ಸಾಪ್ ಗುಂಪಿನಾಗ ಫೋಟೋ ಹಾಕಿದೆ. ಸ್ಫೂರ್ತಿ ಅಂತ ಒಬ್ಬಾಕಿ ಇದ್ದಾಳ, ಮೊನ್ನೆ ಮೊನ್ನೆ ಪಿಎಚ್‌.ಡಿ. ಮುಗಿಸ್ಯಾಳ. "ಒಂದೇ ಫೋಟೋ ನೋಡಿ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ ಸರ್, ರೆಕ್ಕೆಯ ಕೆಳಭಾಗ ನೋಡಬೇಕು" ಅಂತ ಬರದಾಳ. ಏನ್ ನೋಡ್ತಿ ಕೆಳಭಾಗ? ಕಣ್ಣಿಗೆ ಹೊಡದಂಗ ಕೆಂಪ ಅದ! ನಾ ಹುಳ ನೋಡಾಕ ಹತ್ತಿದಾಗ ಈಕಿ ಹುಟ್ಟಿದ್ದಿಲ್ಲ. ಇದು ಇಟ್ಟಿಗೆ ಪತಂಗನೇ, ಹೆಸರಿಟ್ಟವ ನಾನು ಅಂತ ಹಾಕಿಬಿಟ್ಟೆ.

ಡಿಸೆಂಬರ್ 15ಕ್ಕ ಕಡ್ಡಿರಾಂಪುರದ ಹೋಂಸ್ಟೇ ಒಂದರ ಅಂಗಳದಾಗ ನಮ್ಮ ಗುಂಪಿನ ಸಭಾ ಅದ. ಹುಡುಗಿ ಬಂದು ಪರದೆ ಮ್ಯಾಲ ಫೋಟೋ ತೋರಿಸಿ ಮಾತಾಡಬೇಕು. ಆಕಿನೇ ಮಾತಾಡಬೇಕು, ನೀ ಅಲ್ಲ. ಬಾಯಿ ಬಿಡೋದಿಲ್ಲ ಅಂದ್ಯಲ್ಲ, ಬಿಡಸೋಣ.

ಇಂತಿ,
ಶ್ರೀಪತಿ

*

ಸಂಡೂರು ತಾಲ್ಲೂಕು
8 ನವೆಂಬರ್ 2024

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತರಗತಿಯಾಗ ಓದಿದೆ. ಹಂಪಮ್ಮ ಡೆಸ್ಕಿನ ಕೆಳಗ ಮುಖ ಮುಚ್ಕಂಡು ಕುಂತ್ಲು. ಹೆಡ್‌ಮಾಸ್ಟರು ಬೋರ್ಡಿನ ಮ್ಯಾಲ ಆಕಿ ಹೆಸರು ಬರ್ಸಿ, ಪಕ್ಕಕ್ಕ ಪತಂಗದ ಚಿತ್ರ ತೆಗ್ಸ್ಯಾರ. ಚಿತ್ರ ಕಿವಿ ಅಗಲಿಸಿದ ಮ್ಯಾಕಿ ಕಂಡಂಗ ಕಾಣ್ತೈತಿ, ಇರ್ಲಿ ಬಿಡ್ರಿ, ಪ್ರೀತಿಲೆ ತೆಗ್ದಾರ.

ಅಂಜಿನಯ್ಯ ಸಾಲಿಗೆ ಬಂದಿದ್ದ. ಮಗಳನ್ನ ಹತ್ತನೇ ತರಗತಿಗೆ ಕಳಿಸೋದೋ ಬ್ಯಾಡೋ ಅಂತ ಎರಡು ಮನಸ್ಸು ಮಾಡ್ತಿದ್ದ ಮನುಷ್ಯ. "ಮಿಸ್, ಲೈಟಿನ ಹುಳ ನೋಡಿದ್ರ ದೊಡ್ಡೋರು ಕರೆದು ಮಾತಾಡಸ್ತಾರೇನ್ರಿ?" ಅಂದ. ಹೂಂ ಅಂದೆ. "ಹಂಗಾರ ಓದ್ಲಿ ಬಿಡ್ರಿ" ಅಂದ. ಸರ್, ನನಗ ಅಷ್ಟು ಸಾಕಾತು. ಹದಿನೈದಕ್ಕ ರಜಾ ಹಾಕಿ ತಾನೂ ಬರ್ತಾನಂತ.

ಹಂಪಮ್ಮ ಖಾಲಿ ಕ್ಲಾಸ್‌ರೂಮಿನಾಗ ನಿಂತು ಮಾತಾಡೋದು ಕಲೀತಿದಾಳ. "ಎಲ್ಲರಿಗೂ ನಮಸ್ಕಾರ" ಅನ್ನೋದು ಮೊದಲು ಇಲಿ ಮರಿ ಧ್ವನಿ ಇತ್ತು. ಈಗ ವರಾಂಡದ ತನಕ ಕೇಳ್ತೈತಿ.

ನಿಮ್ಮ ಉಪಕಾರ ಮರಿಯೋದಿಲ್ಲ.

ತ್ರಿವೇಣಿ

*

ಸಂಡೂರು ತಾಲ್ಲೂಕು
4 ಡಿಸೆಂಬರ್ 2024

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಹೆಂಗ ಬರೀಬೇಕು ತಿಳೀವಲ್ದು. ಬೈಬ್ಯಾಡ್ರಿ, ಪೂರ್ತಿ ಓದ್ರಿ.

ಚಂಡಮಾರುತದ ಮಳಿ ಇಲ್ಲಿನೂ ಹಿಡಕಂಡಿತ್ತು. ಲಾರಿ ನಿಂತಿದ್ವು. ಗೋಡಿ, ಬೇವಿನ ಗಿಡ ಎಲ್ಲಾ ತೊಳದಂಗ ಆದ್ವು. ಆ ದಿನಗಳಾಗ ವರಾಂಡದಾಗ ಇಟ್ಟಿಗೆ ಪತಂಗ ಒಂದೂ ಇಲ್ಲ ಸರ್. ಅದೇ ಅಳತಿ, ಅವೇ ಎರಡು ಚುಕ್ಕಿ ಇರೋ ಬಿಳೇವು ಕುಂತಿದ್ವು. ಮಳಿ ನಿಂತು ಲಾರಿ ಓಡಾಡಾಕ ಹತ್ತಿದ ಮ್ಯಾಲ ಮತ್ತ ಕೆಂಪನ್ನವು ಬಂದ್ವು. ಇವತ್ತು ಒಂದರ ರೆಕ್ಕಿ ಮುಟ್ಟಿ ನೋಡಿದೆ. ಬೆರಳಿಗೆ ಕೆಂಪನ ಪುಡಿ ಹತ್ತಿತು.

ನಮ್ಮೂರು ನಿಮಗ ಗೊತ್ತಿಲ್ಲ ಅಂತಲ್ಲ. ಅದಿರಿನ ಧೂಳಿಗೆ ಇಲ್ಲಿ ಎಲ್ಲಾ ಕೆಂಪ. ಹಾಸಿಗಿ, ತಟ್ಟಿ, ಎಮ್ಮಿ ಬೆನ್ನು. ಇಲ್ಲೇ ಇದ್ದು ಇದ್ದು ನಮ್ಮ ಕಣ್ಣಿಗೆ ಅದು ಬಣ್ಣ ಅಂತನ ಅನ್ಸೋದಿಲ್ಲ. ಬಿಳಿ ಹಾಳಿ ಇಡದ ಹಂಗ ಗೋಡಿ ಸಮೇತ ಫೋಟೋ ಕಳಿಸಿದ್ರ ನಿಮಗ ಆಗಲೇ ತಿಳೀತಿತ್ತೇನೋ.

ಇದು ಧೂಳು ಹತ್ತಿದ ಸುಣ್ಣದ ಪತಂಗ ಇರಬಹುದಾ ಸರ್? ಹಂಗಿದ್ರ ಸಭಾಕ್ಕ ಮೊದಲು ಹೇಳಿಬಿಡೋಣು. ಹುಡುಗಿ ಎಲ್ಲರ ಮುಂದ ನಿಲ್ಲೋಳು.

ತ್ರಿವೇಣಿ

*

ಹೊಸಪೇಟೆ
7 ಡಿಸೆಂಬರ್ 2024

ಚಿ. ತ್ರಿವೇಣಿಗೆ ಆಶೀರ್ವಾದಗಳು.

ಪತಂಗದ ರೆಕ್ಕಿ ಮುಟ್ಟಿದರ ಪುಡಿ ಬರದ ಮತ್ತೇನು ಬೆಣ್ಣಿ ಬರ್ತದೇನು? ರೆಕ್ಕಿ ಮ್ಯಾಲ ಇರೋದೇ ಪುಡಿಯಂಥ ಹುರುಪಿ. ಇದನ್ನ ಬಿ.ಎಸ್ಸಿ. ಮೊದಲನೇ ವರ್ಷದಾಗ ನಿನಗ ಸೂಕ್ಷ್ಮದರ್ಶಕದ ಕೆಳಗ ತೋರಿಸಿದವ ನಾನು. ಮರ್ತು ಬಿಟ್ಟೀ? ಕೆಂಪ ಪತಂಗದ ಪುಡಿ ಕೆಂಪನೇ ಇರ್ತದ.

ಮಳಿಯಾಗ ಬಿಳೇವು ಬಂದಾವ ಅಂದ್ರ ಎರಡೂ ಜಾತಿ ನಿಮ್ಮಲ್ಲಿ ಅವ ಅಂತ ಅರ್ಥ. ಅದು ಇನ್ನೂ ಮಸ್ತ್ ಸುದ್ದಿ. ನೀ ಉಲ್ಟಾ ಹಿಡಕೊಂಡು ಹೆದರ್ತೀ.

ಕರೆಯೋಲೆ ಹಂಚಿ ಆಗ್ಯದ. ಸ್ಫೂರ್ತಿನೂ ಬರ್ತಾಳ. ಈಗ ಹಿಂದ ಸರದ್ರ ನನ್ನ ಮುಖ ಎಲ್ಲಿ ಇಟ್ಕೊಳ್ಳಿ? ಹುಡುಗಿ ಮುಂದ ಇದನ್ನೆಲ್ಲಾ ಆಡಬ್ಯಾಡ, ಧೈರ್ಯ ಕುಗ್ತದ.

ಶ್ರೀಪತಿ

*

ಸಂಡೂರು ತಾಲ್ಲೂಕು
10 ಡಿಸೆಂಬರ್ 2024

ಸರ್ ಅವರಿಗೆ ನಮಸ್ಕಾರ.

ನೀವು ಹೇಳಿದ ಮ್ಯಾಲ ಆತು. ಹದಿನೈದಕ್ಕ ಮುಂಜಾನಿ ಬಸ್ಸಿಗೆ ಹತ್ತಿ ಬರ್ತೀವಿ. ನಾನು, ಹಂಪಮ್ಮ, ಅಂಜಿನಯ್ಯ.

ತ್ರಿವೇಣಿ

*

ಹೊಸಪೇಟೆ
18 ಡಿಸೆಂಬರ್ 2024

ಚಿ. ತ್ರಿವೇಣಿಗೆ ಆಶೀರ್ವಾದಗಳು.

ಸಭಾ ಒಟ್ಟಿನ ಮ್ಯಾಲ ಚಂದ ಆತು. ನೀವು ಊಟಕ್ಕ ನಿಲ್ಲಲಿಲ್ಲ. ಗೋಧಿ ಹುಗ್ಗಿ ಮಾಡಿಸಿದ್ವಿ, ನಿಮ್ಮ ಮೂರು ಎಲಿ ಹಂಗೇ ಉಳದ್ವು. ಬಸ್ಸಿನ ಅವಸರ ಇತ್ತು ಅಂತ ಕಾಣ್ತದ.

ಮಂದಿ ನಕ್ಕಿದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ ಅಂತ ಹುಡುಗಿಗೆ ಹೇಳು. ಇಂಥ ಸಭಾದಾಗ ಇದೆಲ್ಲಾ ಇರ್ತದ. ನಗ್ತಾರ, ಮರೀತಾರ. ಆಕಿ ಧ್ವನಿ ಚಂದ ಅದ, ಎಲ್ಲರೂ ಅಂದ್ರು.

ಹೊಸ ಫೋಟೋ ಇದ್ರ ಕಳಿಸು.

ಶ್ರೀಪತಿ

*

ಹೊಸಪೇಟೆ
30 ಡಿಸೆಂಬರ್ 2024

ತ್ರಿವೇಣಿ,

ಉತ್ತರ ಇಲ್ಲ. ಫೋನ್ ಹಚ್ಚಿದೆ, ಎತ್ತಲಿಲ್ಲ. ಶಾಲಾ ಕೆಲಸ ಭಾಳ ಇರಬೇಕು.

ನಾ ಏನೋ ಅಂದೆ ಅಂತ ನಿನಗ ಬ್ಯಾಸರ ಆಗಿರಬಹುದು. ಮೈಕು ಕೈಯಾಗಿತ್ತು, ಸಭಾ ಗೊಳ್ ಅಂತ ನಗತಿತ್ತು, ಏನರ ಒಂದು ಅಂದು ಮುಗಸಬೇಕಿತ್ತು. ಆ ಹೊತ್ತಿಗೆ ಬಾಯಿಗೆ ಬಂದದ್ದು ಬಂತು. ಅದರಾಗ ಕೆಟ್ಟ ಮನಸ್ಸಿದ್ದಿಲ್ಲ. ನನ್ನ ವಯಸ್ಸಿಗಾದರೂ ಬೆಲಿ ಕೊಟ್ಟು ನಾಕು ಸಾಲು ಬರಿ.

ಶ್ರೀಪತಿ

*

ಸಂಡೂರು ತಾಲ್ಲೂಕು
4 ಜನವರಿ 2025

ಸರ್,

"ಏನೋ ಅಂದೆ" ಅಂತ ಬರ್ದೀರಿ. ಏನಂದ್ರಿ ಅಂತ ನಿಮಗ ನೆನಪಿಲ್ಲೇನ್ರಿ? ನನಗೈತಿ.

ಹಂಪಮ್ಮ ಚೊಲೋ ಮಾತಾಡಿದ್ಲು. ಸ್ಫೂರ್ತಿ ಮೇಡಂ ಮೆತ್ತಗ ಕೇಳಿದ್ರು, "ಪುಟ್ಟಿ, ಹಾಳೆ ಇಲ್ಲದ ಫೋಟೋ ಇದೆಯಾ?" ಅಂತ. ಆಕಿ ನನ್ನ ಫೋನಿನಾಗ ಹುಡುಕಿ, ಹಾಳಿ ಇಡೋಕ್ಕಿಂತ ಮೊದಲು ತೆಗ್ದಿದ್ದನ್ನ ಕೊಟ್ಲು. ಪರದೆ ಮ್ಯಾಲ ಬಂತು. ಕೆಂಪ ಗೋಡಿ, ಕೆಂಪ ಹಲ್ಲಿ, ಕೆಂಪ ಬೇವಿನ ಎಲಿ, ನಡುವ ಕೆಂಪ ಪತಂಗ. ಹಿಂದಿನಿಂದ ಯಾರೋ "ಇದು ಪತಂಗ ಅಲ್ರಪಾ, ಅದಿರು!" ಅಂದ್ರು. ಸಭಾ ನಕ್ತು.

ಆಗ ನೀವು ಮೈಕು ತಗಂಡು ಅಂದ್ರಿ: "ಏನ್ ಮಾಡೋದು, ಹುಡುಗಿ ಧೂಳು ಝಾಡಿಸದ ಫೋಟೋ ತೆಗ್ದು ನಮಗ ಮೋಸ ಮಾಡ್ಯಾಳ. ಆ ಕಡೆ ಮಂದಿ ಧೂಳಿನಾಗ ಹುಟ್ಟಿ ಧೂಳಿನಾಗ ಬೆಳದವರು, ಅವರಿಗೆ ಮೈಮ್ಯಾಲ ಹೊಲಸು ಕುಂತಿದ್ರೂ ತಿಳಿಯೋದಿಲ್ಲ."

ಇನ್ನೂ ನಕ್ರು. ಅಂಜಿನಯ್ಯನೂ ನಕ್ಕ ಸರ್. ದೊಡ್ಡೋರು ನಗ್ತಾರ ಅಂತ ನಕ್ಕ. ಮಗಳ ಮುಖ ನೋಡಿದ ಮ್ಯಾಲ ನಿಲ್ಲಿಸಿದ.

ಧೂಳು ಅಂತ ನಿಮಗ ಹೇಳಿದಾಕಿ ನಾನು. ಪತ್ರ ಬರದು ಕೇಳ್ಕಂಡಿದ್ದೆ. ಆ ಮಾತನ್ನ ನನ್ನಿಂದ ತಗಂಡು ಆಕಿ ಮ್ಯಾಲ ಎಸದ್ರಿ. ಹೆಸರಿಟ್ಟವ ನಾನು ಅಂತ ಗುಂಪಿನಾಗ ಎದಿ ತಟ್ಕಂಡು ಹಾಕಿದ್ರಲ್ಲ, ಸಭಾದಾಗ ಅದನ್ನ ಒಂದು ಸಲ ಅನ್ನಾಕ ಏನಾಗಿತ್ತು ನಿಮಗ?

ಇನ್ನೊಂದು ಮಾತು ನಿಮ್ಮ ಹತ್ರ ಮುಚ್ಚಿಟ್ಟಿದ್ದೆ. ಸಭಾಕ್ಕ ಮೊದಲು ಹಂಪಮ್ಮ ಸತ್ತ ಪತಂಗ ಒಂದನ್ನ ಒದ್ದಿ ಹತ್ತಿಲೆ ಒರೆಸಿ ನನ್ನ ಮುಂದ ಹಿಡದಿದ್ಲು. "ಮಿಸ್, ಇದು ಬೆಳ್ಳಗೈತ್ರಿ" ಅಂದ್ಲು. ಖರೇನ ಬೆಳ್ಳಗಿತ್ತು. ನಾ ಏನಂದೆ ಗೊತ್ತೇನ್ರಿ? "ದೊಡ್ಡೋರು ಹೇಳ್ಯಾರ, ನೀ ಸುಮ್ನಿರು" ಅಂದೆ. ಗೊತ್ತಿದ್ದು ಗೊತ್ತಿದ್ದು ನನ್ನ ಮಾತಿಗೆ, ನಿಮ್ಮ ಮಾತಿಗೆ ಕಟ್ಟುಬಿದ್ದು ಆ ಹುಡುಗಿ ಅಲ್ಲಿ ನಿಂತಿದ್ಲು. ನೀವು ಅಂದಾಗ ನಾ ಎರಡನೇ ಸಾಲಿನಾಗ ಕುಂತಿದ್ದೆ. ಏಳಲಿಲ್ಲ. ನಿಮಗ ಬಯ್ಯಾಕ ಕುಂತ್ರ ನನ್ನ ಮುಖನ ಎದುರಿಗೆ ಬರ್ತೈತಿ, ಅದಕ್ಕ ಇಷ್ಟು ದಿನ ಬರೀಲಿಲ್ಲ.

ಬೋರ್ಡಿನ ಮ್ಯಾಲಿನ ಹೆಸರನ್ನ ಆಕಿನ ಅಳಿಸ್ಯಾಳ. ಅಂಜಿನಯ್ಯ ಮತ್ತ ಎರಡು ಮನಸ್ಸು ಮಾಡಾಕ ಹತ್ಯಾನ.

ನನಗ ಕ್ಷಮೆ ಕೇಳಿ ಬರೀಬ್ಯಾಡ್ರಿ. ಎಲ್ಲರ ಮುಂದ ಅಂದೀರಿ, ಎಲ್ಲರ ಮುಂದ ವಾಪಸ್ ತಗೋರಿ.

ತ್ರಿವೇಣಿ

*

ಹೊಸಪೇಟೆ
9 ಜನವರಿ 2025

ತ್ರಿವೇಣಿ,

ನೀ ಬರದದ್ದು ಒಂದಕ್ಷರ ಸುಳ್ಳಲ್ಲ. ಅದೇ ಮಾತು ನನಗೂ ನೆನಪಿತ್ತು. ನೆನಪಿಲ್ಲದವರ ಹಂಗ ಎರಡು ಪತ್ರ ಬರದೆ. ನಿನ್ನ ಡಿಸೆಂಬರ್ ನಾಕರ ಪತ್ರ ಓದಿದಾಗಲೇ ನೀ ಹೇಳೋದು ಖರೇ ಅಂತ ಗೊತ್ತಾಗಿತ್ತು. ಪುಡಿ, ಹುರುಪಿ ಅಂತ ನಿನ್ನ ಬಾಯಿ ಮುಚ್ಚಿಸಿದೆ. ಸ್ಫೂರ್ತಿ ಮುಂದ ಸಣ್ಣವ ಆಗಬಾರದಿತ್ತು ನನಗ, ಅಷ್ಟೇ.

ಗುಂಪಿನಾಗ ಎಲ್ಲಾ ಬಿಚ್ಚಿ ಹಾಕೀನಿ. ತಪ್ಪು ಹೆಸರಿಟ್ಟವ ನಾನು, ಎಚ್ಚರಿಸಿದಾಕಿ ನೀನು, ಒರೆಸಿ ನೋಡಿದಾಕಿ ಹಂಪಮ್ಮ, ಸಭಾದಾಗ ನಾ ಆಕಿ ಮ್ಯಾಲ ಹಾಕಿದ್ದು ಹೇಡಿತನ ಅಂತ. ಏನಾತು ಗೊತ್ತೇನು? ಎಲ್ಲರೂ ಕೈ ಮುಗಿಯೋ ಚಿತ್ರ ಕಳಿಸಿ "ಎಂಥ ದೊಡ್ಡ ಮನಸ್ಸು ಸರ್ ನಿಮ್ಮದು" ಅಂದ್ರು. ಬೈದಿದ್ರ ಚೊಲೋ ಇತ್ತು. ಸ್ಫೂರ್ತಿ ಒಬ್ಬಾಕಿ ಹೊಗಳಲಿಲ್ಲ. "ಆ ಹುಡುಗಿಗೆ ಹೇಳಿದಿರಾ ಸರ್?" ಅಂತ ಇಷ್ಟೇ ಕೇಳ್ಯಾಳ.

ನಿಮ್ಮೂರಿಗೆ ಬರ್ತೀನಿ. ಬ್ಯಾಡ ಅನ್ನಬ್ಯಾಡ.

ಶ್ರೀಪತಿ

*

ಕಂಪ್ಲಿ
14 ಜನವರಿ 2025

ಸರ್,

ನಿಮ್ಮ ಪತ್ರ ಸಾಲಿಯಿಂದ ಕೈ ಸೇರಿತು. ತರಬೇತಿಗೆ ಅಂತ ಇಲ್ಲಿ ಬಂದೀನಿ, ತವರು ಮನ್ಯಾಗ ಇಳದೀನಿ. ಮುಂದಿನ ವಾರನೂ ಇಲ್ಲೇ. ನಾ ಇಲ್ಲದಾಗ ಹೋಗೋದೇ ಚೊಲೋ. ನಾ ಇದ್ರ ನೀವು ನನ್ನ ಮುಖ ನೋಡ್ಕಂತ ಮಾತಾಡ್ತೀರಿ.

ಪ್ರಾರ್ಥನೆ ಹೊತ್ತಿಗೆ ಹೋಗ್ರಿ, ಎಲ್ಲರೂ ಇರ್ತಾರ. ಹೆಡ್‌ಮಾಸ್ಟರಿಗೆ ಹೇಳೀನಿ. ಅಂಜಿನಯ್ಯನಿಗೂ ಹೇಳಿ ಕಳಿಸೀನಿ, ಬರ್ತಾನೋ ಇಲ್ಲೋ ಗೊತ್ತಿಲ್ಲ.

ತ್ರಿವೇಣಿ

*

ಹೊಸಪೇಟೆ
21 ಜನವರಿ 2025

ತ್ರಿವೇಣಿಗೆ,

ನಿನ್ನೆ ಹೋಗಿ ಬಂದೆ.

ಪ್ರಾರ್ಥನಾ ಮುಗಿದ ಮ್ಯಾಲ ಹೆಡ್‌ಮಾಸ್ಟರು ನನ್ನನ್ನ ಮುಂದ ನಿಲ್ಲಿಸಿದ್ರು. "ಹಿರಿಯರು, ವಿದ್ವಾಂಸರು" ಅಂತ ಶುರು ಮಾಡಿದ್ರು, ಸಾಕ್ರಿ ಅಂದೆ. ಮಕ್ಕಳ ಮುಂದ ಹೇಳಿದೆ: ಹಂಪಮ್ಮ ಸರಿ ನೋಡಿದ್ದಳು, ತಪ್ಪು ನಂದು, ನನ್ನ ತಪ್ಪನ್ನ ಆಕಿ ಮ್ಯಾಲ ಹಾಕಿದೆ, ಅದು ನಾಚಿಕೆಗೇಡಿನ ಕೆಲಸ. ಅಂಜಿನಯ್ಯ ಗೇಟಿನ ಹತ್ರ ಟವೆಲ್ ಕೈಯಾಗ ಹಿಡಕೊಂಡು ನಿಂತಿದ್ದ. ಅವನಿಗೂ ಕೈ ಮುಗದೆ. ಅವ ಗಾಬರಿಯಾಗಿ "ಅಯ್ಯಯ್ಯೋ, ಬ್ಯಾಡ್ರಿ ಯಪ್ಪಾ" ಅಂದ. ಮಗಳನ್ನ ಓದಸ್ತೀ ಹೌದಿಲ್ಲೋ ಅಂದೆ. ಹೂಂ ಅಂದ. ನನ್ನ ಮುಖ ನೋಡಿ ಅಂದನೋ, ಮಗಳ ಮುಖ ನೋಡಿ ಅಂದನೋ ನನಗ ತಿಳೀಲಿಲ್ಲ. ನೀ ಬಂದು ಮತ್ತೊಮ್ಮೆ ಕೇಳು.

ಮಕ್ಕಳು ಚಪ್ಪಾಳಿ ತಟ್ಟಿದ್ರು. ಹಂಪಮ್ಮ ಸಾಲಿನಾಗ ತಲಿ ಬಗ್ಗಿಸಿ ನಿಂತಿದ್ದಳು. ಇಷ್ಟಾದ್ರೂ ಆತಲ್ಲ, ಮುಗೀತು, ಮನಿಗೆ ಹೋಗಬಹುದು ಅಂತ ಒಂದು ಕ್ಷಣ ನನ್ನ ಮನಸ್ಸು ಹಗುರಾತು. ಖರೇ ಹೇಳ್ತೀನಿ, ಹಂಗ ಅನ್ನಿಸ್ತು.

ಆಮ್ಯಾಲೆ ಆಫೀಸ್ ರೂಮಿಗೆ ಆಕಿನ್ನ ಕರಸಿದ್ರು. ಬರಲಿಕ್ಕೆ ಸ್ವಲ್ಪ ತಡ ಆತು. ಹೆಡ್‌ಮಾಸ್ಟರು "ನಳದ ಹತ್ರ ಹೋಗಿರಬೇಕ್ರಿ, ಈಗೀಗ ಹೊತ್ತಿಗೊಮ್ಮೆ ಮುಖ ತೊಳಕೊಳ್ಳೋದು ಹಚ್ಯಾಳ, ಬೆಲ್ ಆದ್ರ ಸಾಕು ನಳ" ಅಂದ್ರು. ಬಂದಳು. ಮುಖ, ಕೈ, ಮೊಣಕೈ ತನಕ ಒದ್ದಿ. ಹಣಿ ಮುಂದಿನ ಕೂದಲಿನಿಂದ ನೀರು ಇಳೀತಿತ್ತು. ಯೂನಿಫಾರ್ಮಿನ ವೇಲ್ ಒಗದು ಒಗದು ಬಣ್ಣ ಹಾರಿತ್ತು.

ನೀ ಇದನ್ನ ನನಗ ಬರೀಲಿಲ್ಲ. ಕಣ್ಣಾರೆ ನೋಡಲಿ ಅಂತ ಬಿಟ್ಟೆಯೋ, ನಿನಗೂ ಬರಿಯಾಕ ಆಗಲಿಲ್ಲೋ.

ನಾ ನಿಂತಿದ್ದೆ. ಆಕಿ ಮೂಲಿಯಾಗಿದ್ದ ಕುರ್ಚಿ ಎಳದು, ವೇಲ್ ತುದಿಲೆ ಒರೆಸಿದಳು. ತುದಿ ಕೆಂಪಾತು. ಅದನ್ನ ನಾ ನೋಡಿದೆ ಅಂತ ಆಕಿಗೆ ಗೊತ್ತಾತು. ಮತ್ತೊಮ್ಮೆ ಒರೆಸಿದಳು. ಕೈ ಹಿಂದ ಮಾಡಿ ಮುಚ್ಚಿಕೊಂಡು ನಿಂತಳು.

"ಪತಂಗ ನೋಡ್ತೀ ಇಲ್ಲವಾ ಈಗ?" ಅಂದೆ.

"ಇಲ್ರಿ."

"ನನ್ನ ಮ್ಯಾಲ ಸಿಟ್ಟೇನು?"

"ಇಲ್ರಿ ಸರ್." ಆಮ್ಯಾಲೆ ಸಣ್ಣ ಧ್ವನಿಲೆ ಅಂದಳು, "ನಮ್ಮೂರು ಹಿಂಗ ಐತ್ರಿ ಸರ್. ಎಷ್ಟು ತೊಳದ್ರೂ ಹೋಗೋದಿಲ್ರಿ. ತಪ್ಪು ತಿಳ್ಕಬ್ಯಾಡ್ರಿ. ಕುಂದ್ರಿ, ಈಗ ಸ್ವಚ್ಛ ಐತಿ."

ಕ್ಷಮಾ ಕೇಳಾಕ ಹೋದವ ನಾನು, ತ್ರಿವೇಣಿ. ಆಕಿ ತನ್ನೂರಿನ ಸಲುವಾಗಿ ನನ್ನ ಹತ್ರ ಕ್ಷಮಾ ಕೇಳಿದಳು. ಆ ಕುರ್ಚಿ ಮ್ಯಾಲ ಕುಂದ್ರಲಾರೆ ಅನ್ನಿಸ್ತು.

ಆದ್ರೂ ಕುಂತೆ. ನಾ ಕುಂದ್ರದಿದ್ರ ಇನ್ನೂ ಹೊಲಸು ಅದ ಅಂತ ತಿಳ್ಕೊಂಡು ಆಕಿ ಮತ್ತ ಒರೆಸ್ತಿದ್ದಳು.

ಶ್ರೀಪತಿ